ಸ್ಟೇಟಸ್ ಹೋದ ಮೇಲಿನ ಐದು ತಿಂಗಳು



ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿದ ತಂದೆತಾಯಂದಿರು ನನಗೆ ಫೋನ್ ಮಾಡಿದಾಗ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತಾರೆ. "ಪಾಸ್‌ಪೋರ್ಟಿನಲ್ಲಿ ವೀಸಾ ಇನ್ನೂ ಮೂರು ವರ್ಷ ಇದೆ ಸಾರ್. ಹಾಗಿದ್ದೂ ಸ್ಟೇಟಸ್ ಹೋಯ್ತು ಅಂತ ಮಗ ಅಳ್ತಾನಲ್ಲ, ಅದು ಹೇಗೆ ಹೋಗತ್ತೆ?" ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಕಚೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿ, ನಿವೃತ್ತನಾಗಿ ಮೈಸೂರಿಗೆ ಬಂದು ಕೂತವನು ನಾನು. ವಕೀಲನಲ್ಲ. ಆದರೂ ನೆಂಟರಿಂದ ನೆಂಟರ ನೆಂಟರಿಗೆ ನನ್ನ ನಂಬರು ದಾಟಿಕೊಂಡು ಹೋಗುತ್ತಲೇ ಇರುತ್ತದೆ.

ವೀಸಾ ಎಂಬುದು ಅಲ್ಲಿನ ವಿಮಾನ ನಿಲ್ದಾಣದ ಬಾಗಿಲವರೆಗೆ ಕರೆದುಕೊಂಡು ಹೋಗುವ ಚೀಟಿ. ನಮ್ಮ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಐದು ವರ್ಷದ ಎಫ್-1 ವೀಸಾ ಕೊಡುತ್ತಾರೆ. ಒಳಗೆ ಕಾಲಿಟ್ಟ ಮೇಲೆ ಅಲ್ಲಿ ಇರಲು ಆಧಾರ ಅದಲ್ಲ, ಸ್ಟೇಟಸ್. ಪ್ರವೇಶದ ದಾಖಲೆಯಾದ ಐ-94ರಲ್ಲಿ, ಹೊರಡಬೇಕಾದ ತಾರೀಖು ಇರಬೇಕಾದ ಜಾಗದಲ್ಲಿ, ವಿದ್ಯಾರ್ಥಿಗಳಿಗೆ 'ಡಿ/ಎಸ್' ಎಂದು ಬರೆದಿರುತ್ತದೆ. ನಿಯಮದ ಪ್ರಕಾರ ಓದುತ್ತಿರುವಷ್ಟು ಕಾಲ ಇರಬಹುದು ಎಂದರ್ಥ. ನಮ್ಮ ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸಿನ ಮೇಲೆ ಮುಂದಿನ ಬೇಸಿಗೆಯವರೆಗೆ ಎಂದು ಅಚ್ಚಾಗಿರಬಹುದು, ಡಿಸೆಂಬರಿನಲ್ಲೇ ಟಿ.ಸಿ. ತೆಗೆದುಕೊಂಡ ಹುಡುಗ ಅದನ್ನೇ ತೋರಿಸಿದರೆ ಕಂಡಕ್ಟರು ಒಪ್ಪುತ್ತಾರೆಯೇ? ಇಷ್ಟು ಹೇಳಿದರೆ ತಂದೆತಾಯಂದಿರಿಗೆ ಅರ್ಥವಾಗುತ್ತದೆ. ಅರ್ಥವಾದ ಕೂಡಲೇ ಭಯ ಹೆಚ್ಚಾಗುತ್ತದೆ.

ಯಾರು ನಿಯಮದ ಪ್ರಕಾರ ಓದುತ್ತಿದ್ದಾರೆ ಎಂಬ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆಗೆ ಸೆವಿಸ್ ಎಂದು ಹೆಸರು. ಅದು ಹುಟ್ಟಿದ ಬಗೆ ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಒಂದು ವಿಮಾನ ನಡೆಸಿದ ಹನಿ ಹಂಜೂರ್, ಇಂಗ್ಲಿಷ್ ಕಲಿಯುತ್ತೇನೆಂದು ವಿದ್ಯಾರ್ಥಿ ವೀಸಾ ಪಡೆದು ಬಂದವನು. ಆ ತರಗತಿಯ ಕಡೆ ಅವನು ತಲೆಯನ್ನೇ ಹಾಕಲಿಲ್ಲ, ಯಾರೂ ಕೇಳಲೂ ಇಲ್ಲ. ಇನ್ನೂ ಮುಜುಗರದ ಸಂಗತಿ ನಡೆದದ್ದು ದಾಳಿಯಾಗಿ ಆರು ತಿಂಗಳಿಗೆ. 2002ರ ಮಾರ್ಚಿನಲ್ಲಿ, ದಾಳಿಯಲ್ಲೇ ಸತ್ತುಹೋಗಿದ್ದ ಮೊಹಮ್ಮದ್ ಅಟ್ಟಾ ಮತ್ತು ಮಾರ್ವಾನ್ ಅಲ್ ಶೆಹ್ಹಿ ಇಬ್ಬರಿಗೂ ವಿದ್ಯಾರ್ಥಿ ಸ್ಟೇಟಸ್ ಮಂಜೂರಾಗಿದೆ ಎಂಬ ಸರ್ಕಾರಿ ಕಾಗದ, ಅವರು ವಿಮಾನ ಹಾರಿಸಲು ಕಲಿತಿದ್ದ ಫ್ಲಾರಿಡಾದ ಶಾಲೆಗೆ ಅಂಚೆಯಲ್ಲಿ ಬಂತು. ದೇಶವೆಲ್ಲ ನಕ್ಕಿತು, ಆಮೇಲೆ ಸಿಟ್ಟಾಯಿತು. ವಿದ್ಯಾರ್ಥಿಗಳ ಮೇಲೆ ಕಂಪ್ಯೂಟರಿನಲ್ಲಿ ಕಣ್ಣಿಡಬೇಕೆಂಬ ಕಾನೂನು 1996ರಿಂದಲೇ ಇತ್ತು, ನಿಧಾನವಾಗಿ ತೆವಳುತ್ತಿತ್ತು. ಆ ಸಿಟ್ಟು ಅದನ್ನು ಓಡಿಸಿತು. 2003ರಲ್ಲಿ ಸೆವಿಸ್ ಜಾರಿಗೆ ಬಂತು. ಅಂದಿನಿಂದ ವಿದ್ಯಾರ್ಥಿ ಎಷ್ಟು ವಿಷಯ ತೆಗೆದುಕೊಂಡ, ಮನೆ ಬದಲಾಯಿಸಿದನೇ, ಓದು ಯಾವಾಗ ಮುಗಿಯುತ್ತದೆ ಎಂಬುದನ್ನೆಲ್ಲ ವಿಶ್ವವಿದ್ಯಾಲಯವೇ ಸರ್ಕಾರಕ್ಕೆ ತಿಳಿಸಬೇಕು. ತಿಳಿಸುವ ಅಧಿಕಾರಿಗೆ ಡಿಎಸ್‌ಒ ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಈ ಮೂರಕ್ಷರ ದಿನಾ ಓಡಾಡುತ್ತದೆ. ಅವರ ಹಿತ ನೋಡಬೇಕಾದವರೂ ಅವರ ಮೇಲೆ ವರದಿ ಕೊಡಬೇಕಾದವರೂ ಒಬ್ಬರೇ. ಆ ಕುರ್ಚಿಯ ಪಕ್ಕದಲ್ಲೇ ಕೂತಿದ್ದವನಾಗಿ ಹೇಳುತ್ತೇನೆ, ಅದು ಸುಖದ ಕುರ್ಚಿಯಲ್ಲ.

ಸ್ಟೇಟಸ್ ಹೋಗುವುದು ಎಂದರೆ ಏನೋ ದೊಡ್ಡ ಅಪರಾಧ ಎಂದು ನಮ್ಮಲ್ಲಿ ಕಲ್ಪನೆ. ಬಹಳ ಸಲ ಹಾಗಿರುವುದಿಲ್ಲ. ಪದವಿ ಓದುವವರು ಒಂದು ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಳ್ಳಲೇಬೇಕು. ಸ್ನಾತಕೋತ್ತರದವರಿಗೆ ಎಷ್ಟು ಎಂದು ವಿಶ್ವವಿದ್ಯಾಲಯ ನಿರ್ಧರಿಸುತ್ತದೆ, ಸಾಮಾನ್ಯವಾಗಿ 9. ಆನ್‌ಲೈನ್ ತರಗತಿಗಳಲ್ಲಿ ಒಂದನ್ನು ಮಾತ್ರ ಆ ಲೆಕ್ಕಕ್ಕೆ ಹಿಡಿಯುತ್ತಾರೆ. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ಹೇಳಬೇಕು. ಐ-20 ಎಂಬ ಪತ್ರದಲ್ಲಿ ಓದು ಮುಗಿಯುವ ತಾರೀಖು ಇರುತ್ತದೆ. ಅದು ದಾಟುವ ಮೊದಲೇ ವಿಸ್ತರಣೆ ಕೇಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ದಾಖಲೆಯ ಮೇಲೆ 'ಟರ್ಮಿನೇಟೆಡ್' ಎಂದು ಬೀಳಬಹುದು.

ನನಗೆ ಗೊತ್ತಿರುವ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮಲೆನಾಡಿನ ಕಡೆಯವಳು, ಅಡಿಕೆ ತೋಟದ ಮನೆ. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಹೋದಳು. ಎರಡನೆಯ ಸೆಮಿಸ್ಟರಿನಲ್ಲಿ ಅವಳಿಗೆ ನಿದ್ದೆ ಹೋಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದು, ಊಟ ಸೇರದು, ಹೊರಗೆ ಹಿಮ. ವಿಶ್ವವಿದ್ಯಾಲಯದ ಆಪ್ತಸಮಾಲೋಚನೆಯ ಕೇಂದ್ರಕ್ಕೆ ಹೋಗಿಬರಲು ಶುರುಮಾಡಿದಳು. ಮೂರರಲ್ಲಿ ಒಂದು ವಿಷಯ ಕೈಗೆ ಸಿಗುವುದಿಲ್ಲ ಎಂದು ಗೊತ್ತಾದಾಗ, ಫೇಲಾಗುವುದಕ್ಕಿಂತ ಬಿಡುವುದೇ ಮೇಲೆಂದು, ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ 'ಡ್ರಾಪ್' ಗುಂಡಿ ಒತ್ತಿದಳು. ಕಂಪ್ಯೂಟರು ಒಪ್ಪಿಕೊಂಡಿತು. ಖಚಿತವೇ ಎಂದು ಒಂದು ಸಲ ಕೇಳಿತು, ಅಷ್ಟೆ. 9 ಕ್ರೆಡಿಟ್ 6 ಆಯಿತು.

ಇದರಲ್ಲಿ ಸಂಕಟವೇನೆಂದರೆ, ಅವಳು ಮೊದಲೇ ಡಿಎಸ್‌ಒ ಹತ್ತಿರ ಹೋಗಿದ್ದರೆ ಅದೇ ಕೆಲಸ ನಿಯಮದೊಳಗೇ ಆಗುತ್ತಿತ್ತು. ಕಾಯಿಲೆಯಿಂದ ಓದಿನ ಹೊರೆ ಇಳಿಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ, ಒಂದು ಪದವಿಯ ಹಂತಕ್ಕೆ ಒಟ್ಟು 12 ತಿಂಗಳವರೆಗೆ. ವೈದ್ಯರ ಪತ್ರ ಬೇಕು. ಪರವಾನಗಿ ಇರುವ ಮನಶ್ಶಾಸ್ತ್ರಜ್ಞರ ಪತ್ರವೂ ನಡೆಯುತ್ತದೆ. ಮೊದಲು ಒಪ್ಪಿಗೆ, ಆಮೇಲೆ ಗುಂಡಿ. ಅವಳು ಮೊದಲು ಗುಂಡಿ ಒತ್ತಿದಳು, ಸ್ಟೇಟಸ್ ಹೋಯಿತು.

ಅಂಥವರಿಗೆ ಕಾನೂನು ಬಿಟ್ಟಿರುವ ಬಾಗಿಲಿಗೆ ರೀಇನ್‌ಸ್ಟೇಟ್‌ಮೆಂಟ್ ಎಂದು ಹೆಸರು. ಐ-539 ಎಂಬ ಅರ್ಜಿ ಹಾಕಿ, ಕಳೆದುಹೋದ ಸ್ಟೇಟಸ್ಸನ್ನು ವಾಪಸು ಕೊಡಿ ಎಂದು ವಲಸೆ ಇಲಾಖೆಯನ್ನು ಕೇಳುವುದು. 2024ರ ಏಪ್ರಿಲಿನಿಂದ ಶುಲ್ಕ, ಕಾಗದದಲ್ಲಾದರೆ 470 ಡಾಲರ್, ಆನ್‌ಲೈನಿನಲ್ಲಾದರೆ 420. ಷರತ್ತುಗಳು ಕೆಲವಿವೆ. ಸ್ಟೇಟಸ್ ಹೋಗಿ ಐದು ತಿಂಗಳು ದಾಟಿರಬಾರದು. ದಾಟಿದ್ದರೆ ಅಸಾಧಾರಣ ಕಾರಣ ತೋರಿಸಬೇಕು, 350 ಡಾಲರಿನ ಸೆವಿಸ್ ಶುಲ್ಕವನ್ನೂ ಮತ್ತೆ ಕಟ್ಟಬೇಕು. ಪದೇ ಪದೇ ಅಥವಾ ಬೇಕೆಂದೇ ನಿಯಮ ಮುರಿದವರಾಗಿರಬಾರದು. ಪೂರ್ಣ ಪ್ರಮಾಣದಲ್ಲಿ ಓದುತ್ತಿರಬೇಕು ಅಥವಾ ಓದುವ ಉದ್ದೇಶವಿರಬೇಕು. ಒಪ್ಪಿಗೆಯಿಲ್ಲದೆ ಎಲ್ಲೂ ದುಡಿದಿರಬಾರದು. ಮತ್ತು ತಪ್ಪು ತನ್ನ ಕೈಮೀರಿದ ಕಾರಣದಿಂದ ಆಯಿತೆಂದು ತೋರಿಸಬೇಕು. ತೀವ್ರ ಕಾಯಿಲೆ ಅಥವಾ ಗಾಯ, ಕಾಲೇಜೇ ಮುಚ್ಚಿಹೋದದ್ದು, ಪ್ರಕೃತಿ ವಿಕೋಪ, ಡಿಎಸ್‌ಒ ಕಡೆಯಿಂದಾದ ಅಲಕ್ಷ್ಯ, ಇವನ್ನೆಲ್ಲ ನಿಯಮವೇ ಉದಾಹರಣೆಯಾಗಿ ಹೇಳುತ್ತದೆ. ಇನ್ನೊಂದು ಸಣ್ಣ ಕಿಂಡಿಯೂ ಇದೆ. ಡಿಎಸ್‌ಒ ಒಪ್ಪಬಹುದಾಗಿದ್ದ ಹೊರೆ ಇಳಿಕೆಯನ್ನು ವಿದ್ಯಾರ್ಥಿ ಕೇಳದೆ ಮಾಡಿಕೊಂಡಿದ್ದರೆ, ಸ್ಟೇಟಸ್ ಮರಳಿ ಸಿಗದಿದ್ದರೆ ವಿಪರೀತ ಕಷ್ಟವಾಗುತ್ತದೆಂದು ತೋರಿಸಿದರೆ, ಅದನ್ನೂ ಪರಿಗಣಿಸಬಹುದು. ನಮ್ಮ ಹುಡುಗಿ ನುಸುಳಿದ್ದು ಈ ಕಿಂಡಿಯಲ್ಲಿ.

ಷರತ್ತುಗಳನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಓಡಿಸಿ ನೋಡಿ. ಇವುಗಳಲ್ಲಿ ಮುಖ್ಯವಾದ ಎರಡು, ಐದು ತಿಂಗಳು ಮತ್ತು ದುಡಿಮೆ. ಎರಡೂ ಮೂಲ ತಪ್ಪಿಗೆ ಸಂಬಂಧಿಸಿದ್ದಲ್ಲ. ತಪ್ಪಾದ ಮೇಲೆ ಹುಡುಗ ಹುಡುಗಿಯರು ಏನು ಮಾಡಿದರು ಎಂಬುದಕ್ಕೆ ಸಂಬಂಧಿಸಿದ್ದು. ನಾನು ಕಂಡಂತೆ ನಮ್ಮ ಮಕ್ಕಳು ಸೋಲುವುದು ಇಲ್ಲೇ. ಎಡವಿದ್ದಕ್ಕೆ ಅಲ್ಲಿನ ಕಾನೂನು ಒಂದು ಮಟ್ಟಿಗೆ ಕ್ಷಮೆ ಇಟ್ಟಿದೆ. ಎಡವಿ ಬಿದ್ದಲ್ಲೇ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಇಟ್ಟಿಲ್ಲ.

ಯಾಕೆ ಬಾಯಿ ಮುಚ್ಚಿಕೊಳ್ಳುತ್ತಾರೆ? ಈ ಹುಡುಗಿ ಮನೆಗೆ ಹೇಳಲಿಲ್ಲ. ಭಾನುವಾರದ ವಿಡಿಯೊ ಕಾಲಿನಲ್ಲಿ ತಲೆ ಬಾಚಿಕೊಂಡು ಕೂತು, ಎಲ್ಲ ಚೆನ್ನಾಗಿದೆ ಅಮ್ಮ ಅನ್ನುತ್ತಿದ್ದಳು. ಆ ಊರಿನ ಕನ್ನಡ ಕೂಟದ ಯುಗಾದಿ ಊಟಕ್ಕೂ ಹೋಗಲಿಲ್ಲ. ಅಲ್ಲಿ ಸಿಗುವ ಆಂಟಿಯರಲ್ಲಿ ಒಬ್ಬರ ತವರು ಇವಳ ತಾಲ್ಲೂಕಿನಲ್ಲೇ ಇತ್ತು. ಸ್ಟೇಟಸ್ ಹೋದ ದಿನವೇ ಲೈಬ್ರರಿಯಲ್ಲಿದ್ದ ಕೆಲಸವನ್ನೂ ಬಿಡಬೇಕಾಯಿತು. ಸ್ಟೇಟಸ್ ಇರುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಇಲ್ಲದಿದ್ದರೆ ಒಂದು ಗಂಟೆಯೂ ಇಲ್ಲ. ಮನೆಯಿಂದ ಹೆಚ್ಚಿಗೆ ಹಣ ಕೇಳಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳುವಂತಿಲ್ಲ. ಬಾಡಿಗೆಯ ತಾರೀಖು ನಿಲ್ಲುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಒಂದು ಇಂಡಿಯನ್ ಹೋಟೆಲಿನವರು, ವಾರಾಂತ್ಯ ಬಾ, ಕೈಗೆ ನಗದು ಕೊಡುತ್ತೇವೆ, ಎಲ್ಲೂ ಬರೆಯುವುದಿಲ್ಲ ಎಂದರು. ರೂಮ್‌ಮೇಟೇ ತಂದ ಸುದ್ದಿ. ಎಲ್ಲರೂ ಮಾಡುತ್ತಾರೆ ಎಂಬ ಸಮಾಧಾನವೂ ಜೊತೆಗೆ.

ಈ ನಗದಿನ ಕೆಲಸವೇ ಬಾಗಿಲಿಗೆ ಬೀಳುವ ಬೀಗ. ಕಾಯಿಲೆಯಿಂದ ಕ್ರೆಡಿಟ್ ಬಿಟ್ಟವಳಿಗೆ ಸಬೂಬು ಇದೆ. ಹೋಟೆಲಿನಲ್ಲಿ ದೋಸೆ ತಟ್ಟೆ ಎತ್ತಿದವಳಿಗೆ ರೀಇನ್‌ಸ್ಟೇಟ್‌ಮೆಂಟಿನ ಅರ್ಜಿಯಲ್ಲಿ ಸಬೂಬು ಇಲ್ಲ. ಮನೆಯಲ್ಲಿ ಮುಚ್ಚಿಟ್ಟದ್ದರಿಂದ ಹಣದ ಕೊರತೆ, ಹಣದ ಕೊರತೆಯಿಂದ ಕಳ್ಳಗೆಲಸ, ಅಲ್ಲಿಗೆ ಮುಗಿಯಿತು. ಎಷ್ಟೋ ಹುಡುಗರು ಪೆಟ್ರೋಲ್ ಬಂಕಿನ ರಾತ್ರಿ ಪಾಳಿಯಲ್ಲಿ ಹೀಗೆಯೇ ಕಳೆದುಹೋದದ್ದನ್ನು ನೋಡಿದ್ದೇನೆ. ಇವಳು ಹೋಗಲಿಲ್ಲ. ಧೈರ್ಯದಿಂದಲ್ಲ, ಅಷ್ಟು ಹೊತ್ತು ನಿಂತು ಕೆಲಸ ಮಾಡುವ ಶಕ್ತಿ ಮೈಯಲ್ಲಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು. ಕಡೆಗೆ ಅಣ್ಣನಿಗೆ ಹೇಳಿದಳು. ಅಣ್ಣ ಅಪ್ಪನಿಗೆ ಹೇಳಿದ. ಅಪ್ಪ ನನಗೆ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ನಾಲ್ಕನೆಯ ತಿಂಗಳು ನಡೆಯುತ್ತಿತ್ತು.

ಅರ್ಜಿಯ ಜೊತೆಗೆ ವಿದ್ಯಾರ್ಥಿಯೇ ಒಂದು ಪತ್ರ ಬರೆಯಬೇಕು. ಏನಾಯಿತು, ಯಾಕಾಯಿತು ಎಂದು. ಡಿಎಸ್‌ಒ ಶಿಫಾರಸು ಮಾಡಿ ಹೊಸ ಐ-20 ಕೊಡುತ್ತಾರೆ, ಬ್ಯಾಂಕಿನ ಲೆಕ್ಕ, ಅಂಕಪಟ್ಟಿ, ವೈದ್ಯರ ಕಾಗದ ಎಲ್ಲ ಲಗತ್ತಿಸುತ್ತಾರೆ. ಆದರೂ ಪರೀಕ್ಷಿಸುವ ಅಧಿಕಾರಿ ಆ ವಿದ್ಯಾರ್ಥಿಯನ್ನು ಕಾಣುವುದು ಈ ಪತ್ರದಲ್ಲಿ ಮಾತ್ರ. ಮುಖಾಮುಖಿ ಸಾಮಾನ್ಯವಾಗಿ ಇರುವುದಿಲ್ಲ.

ಅವಳು ವಾಟ್ಸಾಪಿನಲ್ಲಿ ಕಳಿಸಿದ ಮೊದಲ ಕರಡು ಎರಡೂವರೆ ಪುಟ ಇತ್ತು. ಮೊದಲ ಪುಟದ ತುಂಬ ಅಪ್ಪ ತೋಟದ ಮೇಲೆ ಸಾಲ ತೆಗೆದದ್ದು, ಅಮ್ಮನ ಬಳೆ, ಅಮೆರಿಕ ಎಂತಹ ಮಹಾನ್ ದೇಶ ಎಂಬ ಸ್ತೋತ್ರ. ಕ್ಷಮಿಸಿ ಎಂಬ ಮಾತು ಪ್ಯಾರಾಗೆ ಎರಡು ಸಲ. ನಮಗೆ ಶಾಲೆಯಲ್ಲಿ ರಜಾ ಅರ್ಜಿ ಬರೆಯಲು ಕಲಿಸಿದ ರೀತಿಯೇ ಹಾಗೆ. ದೊಡ್ಡವರ ಮುಂದೆ ತಗ್ಗಿ ಬಗ್ಗಿ ನಿಂತು ಕರುಣೆ ಬೇಡುವುದು. ಕಾಯಿಲೆಯ ವಿಷಯ ಬಂದದ್ದು ಎರಡನೆಯ ಪುಟದ ಮಧ್ಯದಲ್ಲಿ, ಒಂದೇ ಸಾಲು: ಆಗ ನನಗೆ ಜ್ವರವಿತ್ತು.

"ಜ್ವರ ಎಲ್ಲಿಂದ ಬಂತಮ್ಮ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಹಾಗೆ ಬರಿ ಅಂದ್ರು ಅಂಕಲ್" ಅಂದಳು.

ಅಮ್ಮನ ಭಯ ನಮಗೆಲ್ಲ ಗೊತ್ತಿರುವಂಥದೇ. ಖಿನ್ನತೆ ಎಂದು ಸರ್ಕಾರಿ ಕಾಗದದಲ್ಲಿ ಬರೆದುಬಿಟ್ಟರೆ ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ? ಜ್ವರ ಯಾರಿಗೂ ಬರುತ್ತದೆ, ಜ್ವರದಲ್ಲಿ ಮರ್ಯಾದೆ ಹೋಗುವುದಿಲ್ಲ. ಆದರೆ ಆಪ್ತಸಮಾಲೋಚನಾ ಕೇಂದ್ರದ ದಾಖಲೆಯಲ್ಲಿ ಜ್ವರವಿಲ್ಲ. ಅಲ್ಲಿರುವುದು ವಾರವಾರ ಅವಳು ಬಂದುಹೋದ ತಾರೀಖು, ಮನಶ್ಶಾಸ್ತ್ರಜ್ಞೆ ಬರೆದಿಟ್ಟ ಲಕ್ಷಣ. ಅವಳ ಪಾಲಿಗೆ ಇದ್ದ ಒಂದೇ ಗಟ್ಟಿ ಸಾಕ್ಷಿ ಅದು. ಅದನ್ನು ಬಿಟ್ಟು ಇಲ್ಲದ ಜ್ವರವನ್ನು ತಂದರೆ ಸಾಕ್ಷಿಯೂ ಹೋಯಿತು, ಮೇಲೆ ಸುಳ್ಳಿನ ಆರೋಪ. ವಲಸೆ ಸೌಲಭ್ಯಕ್ಕಾಗಿ ಬೇಕೆಂದೇ ಮುಖ್ಯ ಸಂಗತಿಯಲ್ಲಿ ಸುಳ್ಳು ಹೇಳಿದರೆ ಅಮೆರಿಕದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು. ಸ್ಟೇಟಸ್ ಹೋದದ್ದು ಅದರ ಮುಂದೆ ಏನೂ ಅಲ್ಲ. ಅಮ್ಮನ ಹತ್ತಿರ ನಾನೇ ಮಾತಾಡಿದೆ. ಆ ಕಾಗದ ಊರಿಗೆ ಬರುವುದಿಲ್ಲ, ಸಂಬಂಧ ನೋಡಲು ಬಂದವರು ಅದನ್ನು ಕೇಳುವುದಿಲ್ಲ ಎಂದು ಒಪ್ಪಿಸಲು ಸಾಕುಸಾಕಾಯಿತು. ಅವರು ಕಡೆಗೂ ಕೇಳಿದ್ದು ವೀಸಾದ ಪ್ರಶ್ನೆಯಲ್ಲ. "ಅಷ್ಟು ದಿನ ನನ್ನ ಮಗಳು ಊಟ ಮಾಡ್ತಿರಲಿಲ್ವಾ?" ಎಂದು.

ಹೊಸ ಪತ್ರ ಒಂದು ಪುಟಕ್ಕೆ ಇಳಿಯಿತು. ಯಾವ ತಿಂಗಳಿಂದ ನಿದ್ದೆಯಿಲ್ಲ, ಯಾವ ತಾರೀಖಿನಿಂದ ಚಿಕಿತ್ಸೆ, ಯಾವ ರಾತ್ರಿ ವಿಷಯ ಬಿಟ್ಟದ್ದು, ಮೊದಲು ಕೇಳಬೇಕಿತ್ತೆಂಬುದು ಯಾಕೆ ಹೊಳೆಯಲಿಲ್ಲ, ಗೊತ್ತಾದ ಮೇಲೆ ಏನು ಮಾಡಿದಳು, ಈಗ ಹೇಗಿದ್ದಾಳೆ. ಪ್ರತಿ ಸಾಲಿಗೂ ಹಿಂದೆ ಒಂದು ಕಾಗದ. ತೋಟದ ಸಾಲ ಹೋಗಲಿಲ್ಲ. ಬೇಡಿಕೆಯ ಜಾಗದಿಂದ ಎತ್ತಿ, ವಿಪರೀತ ಕಷ್ಟ ಎಂದರೆ ಏನೆಂದು ತೋರಿಸುವ ಜಾಗದಲ್ಲಿ, ಬ್ಯಾಂಕಿನ ಪತ್ರದ ಜೊತೆಗೆ ಕೂರಿಸಿದೆವು. ಬಳೆಯನ್ನು ಕೈಬಿಟ್ಟೆವು.

ಆಮೇಲೆ ಕಾಯುವುದು. ನನ್ನನ್ನು ಕೇಳಿದರೆ ಈ ಕಾಯುವಿಕೆಯೇ ನಿಜವಾದ ದಂಡ. ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ. ಆ ಅವಧಿಯಲ್ಲಿ ಪೂರ್ತಿ ಶುಲ್ಕ ಕಟ್ಟಿ ಪೂರ್ತಿ ವಿಷಯ ಓದುತ್ತಿರಬೇಕು. ದುಡಿಯುವಂತಿಲ್ಲ. ದೇಶ ಬಿಟ್ಟು ಹೋಗುವಂತಿಲ್ಲ, ಹೋದರೆ ಅರ್ಜಿಯನ್ನು ಕೈಬಿಟ್ಟಂತೆ. ಅಜ್ಜಿ ತೀರಿಕೊಂಡರೂ ಫೋನಿನಲ್ಲೇ ನೋಡಬೇಕು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಇಲ್ಲ. ಅದೇ ಕಚೇರಿಗೆ ಮರುಪರಿಶೀಲನೆ ಮಾಡಿ ಎಂದು ಕೇಳಬಹುದು, ಅಷ್ಟೆ. ತಿರಸ್ಕಾರದ ಮರುದಿನದಿಂದ ಕಾನೂನುಬಾಹಿರ ವಾಸದ ದಿನಗಳ ಎಣಿಕೆ ಶುರುವಾಗುತ್ತದೆ. ಅದು 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ 3 ವರ್ಷ ಮರುಪ್ರವೇಶವಿಲ್ಲ, ಒಂದು ವರ್ಷ ತುಂಬಿದರೆ 10 ವರ್ಷ.

2018ರ ಆಗಸ್ಟಿನಲ್ಲಿ ಈ ಎಣಿಕೆಯನ್ನು ಸ್ಟೇಟಸ್ ಹೋದ ದಿನದಿಂದಲೇ ಶುರುಮಾಡುವುದಾಗಿ ವಲಸೆ ಇಲಾಖೆ ಹೊಸ ನೀತಿ ತಂದಿತ್ತು. ಹಾಗಾಗಿದ್ದರೆ ತನಗೆ ಸ್ಟೇಟಸ್ ಹೋಗಿದೆ ಎಂದು ಗೊತ್ತಿಲ್ಲದ ವಿದ್ಯಾರ್ಥಿಯ ತಲೆಯ ಮೇಲೂ ದಿನಗಳು ಬೀಳುತ್ತಿದ್ದವು. ಉತ್ತರ ಕೆರೊಲಿನಾದ ಗಿಲ್‌ಫೋರ್ಡ್ ಕಾಲೇಜು ಮತ್ತಿತರರು ಕೋರ್ಟಿಗೆ ಹೋದರು. 2019ರಲ್ಲಿ ತಾತ್ಕಾಲಿಕ ತಡೆ, 2020ರ ಫೆಬ್ರವರಿಯಲ್ಲಿ ಶಾಶ್ವತ ತಡೆ ಸಿಕ್ಕಿತು. ಹೆಸರೇ ಕೇಳದ ಒಂದು ಸಣ್ಣ ಕಾಲೇಜು ದೇಶದ ಎಲ್ಲ ವಿದೇಶಿ ವಿದ್ಯಾರ್ಥಿಗಳ ಪರವಾಗಿ ನಿಂತಿತು ಎಂಬುದನ್ನು ನಾನು ಯಾವಾಗಲೂ ಹೇಳುತ್ತೇನೆ.

ಇನ್ನೊಂದು ದಾರಿಯೂ ಉಂಟು. ಅರ್ಜಿಯ ಗೋಜೇ ಬೇಡವೆಂದು ಹೊಸ ಐ-20 ಪಡೆದು, ಸೆವಿಸ್ ಶುಲ್ಕ ಮತ್ತೆ ಕಟ್ಟಿ, ಊರಿಗೆ ಬಂದು ಹೊಸದಾಗಿ ಒಳಹೋಗುವುದು. ಬೇಗ ಮುಗಿಯುತ್ತದೆ. ಆದರೆ ವೀಸಾ ಹೊಸದಾಗಿ ಬೇಕಾದರೆ ಅಧಿಕಾರಿಯ ಮುಂದೆ ನಿಂತು, ಹಿಂದಿನ ದಾಖಲೆ ಯಾಕೆ ನಿಂತುಹೋಯಿತೆಂದು ಉತ್ತರ ಹೇಳಬೇಕು. ನಮ್ಮವರಿಗೆ ಅದು ಚೆನ್ನೈ ಅಥವಾ ಹೈದರಾಬಾದಿನ ಪ್ರಯಾಣ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ. ಇನ್ನೊಂದು ನಷ್ಟವೂ ಇದೆ. ಹೊಸದಾಗಿ ಒಳಹೋದವರಿಗೆ ಓಪಿಟಿ, ಅಂದರೆ ಓದಿನ ನಂತರದ ಕೆಲಸದ ಅನುಮತಿಗೆ ಬೇಕಾದ ಒಂದು ಶೈಕ್ಷಣಿಕ ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭ. ಇನ್ನೊಂದು ಸೆಮಿಸ್ಟರಿನಲ್ಲಿ ಓದು ಮುಗಿಸಬೇಕಾದವರಿಗೆ ಇದು ಸಣ್ಣ ಪೆಟ್ಟಲ್ಲ.

ಇಲ್ಲಿಯವರೆಗೆ ಒಬ್ಬೊಬ್ಬರ ಕಥೆ. ಗುಂಪುಗುಂಪಾಗಿ ಸ್ಟೇಟಸ್ ಹೋದದ್ದೂ ಉಂಟು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸಂಟನ್ನಿನಲ್ಲಿದ್ದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ದಾಳಿಯಾಯಿತು. ಹೆಸರಿಗೆ ವಿಶ್ವವಿದ್ಯಾಲಯ, ನಡೆಯುತ್ತಿದ್ದದ್ದು ಕಾಗದದ ವ್ಯಾಪಾರ. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಬಹುಪಾಲು ಭಾರತೀಯರು, ಅದರಲ್ಲೂ ಆಂಧ್ರದವರು. ಅರ್ಧದಷ್ಟು ಜನರ ವಿಳಾಸವಾಗಿ ಸನ್ನಿವೇಲಿನ ಒಂದೇ ಅಪಾರ್ಟ್‌ಮೆಂಟನ್ನು ಬರೆದಿದ್ದರು. ಕೆಲವು ವಿದ್ಯಾರ್ಥಿಗಳ ಕಾಲಿಗೆ ಎಲ್ಲಿದ್ದಾರೆಂದು ತಿಳಿಸುವ ರೇಡಿಯೊ ಪಟ್ಟಿ ಕಟ್ಟಿದರು. ಆಗ ನಮ್ಮ ವಿದೇಶಾಂಗ ಸಚಿವರು ಮದ್ದೂರಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣ. ಅದಕ್ಕೂ ಐವತ್ತು ವರ್ಷದ ಹಿಂದೆ ಡಲ್ಲಾಸ್‌ನಲ್ಲಿ, ವಾಷಿಂಗ್‌ಟನ್ನಿನಲ್ಲಿ ತಾವೇ ವಿದೇಶಿ ವಿದ್ಯಾರ್ಥಿಯಾಗಿ ಓದಿದ್ದವರು. ಆ ಪಟ್ಟಿಯನ್ನು ತೆಗೆಸಬೇಕೆಂದು ಅವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಬೇರೆ ಕಾಲೇಜಿಗೆ ವರ್ಗ ಸಿಕ್ಕಿತು, ಎಷ್ಟೋ ಜನ ಊರಿಗೆ ಬಂದರು. ವಿಶ್ವವಿದ್ಯಾಲಯ ನಡೆಸಿದ ಸೂಸನ್ ಸು ಎಂಬಾಕೆಗೆ 2014ರಲ್ಲಿ 16 ವರ್ಷಕ್ಕೂ ಮೀರಿದ ಸೆರೆವಾಸವಾಯಿತು.

ಮಿಚಿಗನ್ನಿನ ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯ ಇನ್ನೂ ವಿಚಿತ್ರ. ಅದನ್ನು ಸ್ಥಾಪಿಸಿದವರು ಸರ್ಕಾರದ ಗುಪ್ತ ಅಧಿಕಾರಿಗಳೇ. ಮೇಷ್ಟರಿಲ್ಲ, ಪಾಠವಿಲ್ಲ, ವೆಬ್‌ಸೈಟು ಮಾತ್ರ ಸುಂದರ. ಸುಮಾರು 600 ಜನ ಸೇರಿದರು. 2019ರ ಜನವರಿಯಲ್ಲಿ ಮೊದಲ ಸುತ್ತಿಗೆ ಹಿಡಿದ 130 ಜನರಲ್ಲಿ 129 ಮಂದಿ ಭಾರತೀಯರು. ಮುಂದಿನ ತಿಂಗಳು ಭಾರತ ಸರ್ಕಾರ ಅಧಿಕೃತವಾಗಿ ಪ್ರತಿಭಟನೆ ತಿಳಿಸಿತು. ಪಾಠವಿಲ್ಲದ ಕಾಲೇಜಿಗೆ ಸೇರಿದವರಿಗೆ ಅದು ಓದಿಗಲ್ಲ ಎಂದು ಗೊತ್ತಿರಲೇಬೇಕು ಎಂಬುದು ಸರ್ಕಾರದ ವಾದ. ಆ ಮಾತನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಆದರೆ ಸರ್ಕಾರದ ಪಟ್ಟಿಯಲ್ಲೇ ಹೆಸರಿದ್ದ ಕಾಲೇಜಿಗೆ ಫೀಸು ಕಟ್ಟಿದ ಹುಡುಗ, ಆ ಫೀಸೂ ಸರ್ಕಾರಕ್ಕೇ ಹೋಯಿತು ಎಂದರೆ ನ್ಯಾಯ ಯಾವ ಕಡೆ? ಕೊಟ್ಟ ಹಣಕ್ಕೆ ಪಾಠ ಸಿಗಲಿಲ್ಲವೆಂದು ದಾವೆ ಹೂಡಲು ಅವಕಾಶವಿದೆ ಎಂದು 2024ರಲ್ಲಿ ಮೇಲಿನ ನ್ಯಾಯಾಲಯವೊಂದು ಹೇಳಿತು. ಇಂಥಲ್ಲೆಲ್ಲ ನಮ್ಮೂರಿನ ಏಜೆಂಟರು ಹೇಳುವ ಒಂದು ಮಾತಿಗೆ ಕಿವಿ ನಿಮಿರಿಸಿ: ಸೇರಿದ ಮೊದಲ ದಿನದಿಂದಲೇ ಕೆಲಸ ಮಾಡಬಹುದು, ಕ್ಲಾಸಿಗೆ ಹೋಗುವುದೇ ಬೇಡ.

2025ರಲ್ಲಿ ನಡೆದದ್ದು ಇವೆರಡಕ್ಕಿಂತ ಬೇರೆ. ಮಾರ್ಚ್ ಕೊನೆಯಲ್ಲಿ, ಏಪ್ರಿಲ್ ಮೊದಲಲ್ಲಿ, ದೇಶದ ಉದ್ದಗಲದ ಡಿಎಸ್‌ಒಗಳು ಬೆಳಿಗ್ಗೆ ಸೆವಿಸ್ ತೆರೆದರೆ ತಮ್ಮ ವಿದ್ಯಾರ್ಥಿಗಳ ದಾಖಲೆ ಸರ್ಕಾರದ ಕಡೆಯಿಂದಲೇ ಕೊನೆಗೊಂಡಿತ್ತು. ವಿದ್ಯಾರ್ಥಿಗೂ ಹೇಳಿಲ್ಲ, ವಿಶ್ವವಿದ್ಯಾಲಯಕ್ಕೂ ಹೇಳಿಲ್ಲ. 4,000ಕ್ಕೂ ಹೆಚ್ಚು ಜನರಿಗೆ ಹೀಗಾಯಿತು. ಅಮೆರಿಕದ ವಲಸೆ ವಕೀಲರ ಸಂಘ 327 ಪ್ರಕರಣಗಳನ್ನು ಕಲೆಹಾಕಿ ನೋಡಿದಾಗ ಅರ್ಧದಷ್ಟು ಮಂದಿ ಭಾರತೀಯರು. ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರನ್ನು ಅಪರಾಧ ದಾಖಲೆಯ ಕಂಪ್ಯೂಟರಿನ ಜೊತೆ ತಾಳೆ ಹಾಕಿ, ಹೊಂದಿಕೆ ಬಂದ ಸುಮಾರು 6,400ರಲ್ಲಿ ಇವರನ್ನು ಆರಿಸಿದ್ದೆಂದು ಅಧಿಕಾರಿಗಳೇ ವಾಷಿಂಗ್‌ಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅದರಲ್ಲಿ ಅತಿವೇಗಕ್ಕೆ ದಂಡ ಕಟ್ಟಿದವರಿದ್ದರು. ಕೇಸು ಎಂದೋ ವಜಾ ಆದವರೂ ಇದ್ದರು.

ಐ-539ರ ದಾರಿ ಇಲ್ಲಿ ಹೊಂದುವುದಿಲ್ಲ. ನಾನು ತಪ್ಪು ಮಾಡಿದೆ, ಕಾರಣ ಇದು ಎಂದು ಬರೆಯಲು ತಪ್ಪು ಯಾವುದೆಂದೇ ಗೊತ್ತಿಲ್ಲ. ವಿದ್ಯಾರ್ಥಿಗಳು ನೇರ ಕೋರ್ಟಿಗೆ ಹೋದರು. ರಾಜ್ಯದ ಮೇಲೆ ರಾಜ್ಯ, ನ್ಯಾಯಾಧೀಶರು ತಡೆ ಕೊಟ್ಟರು. ವಾಷಿಂಗ್‌ಟನ್ನಿನಲ್ಲಿ ನ್ಯಾಯಾಧೀಶೆ ಆನಾ ರೇಯಸ್ ಸರ್ಕಾರಿ ವಕೀಲರನ್ನು, ಈ ವಿದ್ಯಾರ್ಥಿ ಈಗ ಕಾನೂನುಬದ್ಧವಾಗಿ ಇದ್ದಾನೋ ಇಲ್ಲವೋ ಹೇಳಿ ಎಂದು ಪಟ್ಟುಹಿಡಿದು ಕೇಳಿದರು. ಏಪ್ರಿಲ್ 25ರಂದು ಸರ್ಕಾರ, ದಾಖಲೆಗಳನ್ನು ಮರಳಿ ಚಾಲ್ತಿಗೆ ತರುತ್ತೇವೆ ಎಂದು ಕೋರ್ಟುಗಳಿಗೆ ತಿಳಿಸಿತು. ಹೆದರಿ ಆ ಕೆಲವು ವಾರಗಳೊಳಗೇ ಸಾಮಾನು ಕಟ್ಟಿ ಊರಿಗೆ ಬಂದವರ ಪಾಡು ಬೇರೆ. ದಾಖಲೆ ಸರಿಹೋದರೂ ರದ್ದಾದ ವೀಸಾ ತಾನಾಗಿ ಮರಳಲಿಲ್ಲ. ಒಳಗಿದ್ದವರಿಗೆ ಅದು ಕೂಡಲೇ ತೊಂದರೆಯಲ್ಲ, ಹೊರಗೆ ಬಂದವರಿಗೆ ಅದೇ ಎಲ್ಲ.

ಮಲೆನಾಡಿನ ಹುಡುಗಿಯ ಅರ್ಜಿ ಮಂಜೂರಾಯಿತು. ಜೊತೆಯವರೆಲ್ಲ ಪದವಿ ಪಡೆದು ಕೆಲಸಕ್ಕೆ ಸೇರಿಯಾಗಿತ್ತು. ಇವಳು ಒಂದು ಸೆಮಿಸ್ಟರ್ ಹೆಚ್ಚಿಗೆ ಓದಿ ಮುಗಿಸಿದಳು. ಹಳೆಯ ಓದಿನ ಕಾಲ ಲೆಕ್ಕಕ್ಕೆ ಬಂದದ್ದರಿಂದ ಓಪಿಟಿಗೆ ಅಡ್ಡಿಯಾಗಲಿಲ್ಲ. ಈಗ ಅದರಲ್ಲೂ ಎಣಿಕೆ ಇದೆ: 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಆ ಲೆಕ್ಕವನ್ನು ಅವಳು ಅಮ್ಮನಿಗೂ ಬಾಯಿಪಾಠ ಮಾಡಿಸಿದ್ದಾಳೆ. ಭಾನುವಾರ ಅಮ್ಮನೇ ಮೊದಲು ಕೇಳುತ್ತಾರಂತೆ, ಇನ್ನೆಷ್ಟು ದಿನ ಉಳಿಯಿತು ಎಂದು.

ಭಾರತದಿಂದ ಹೋಗಿ ಅಲ್ಲಿ ಓದುತ್ತಿದ್ದವರ ಸಂಖ್ಯೆ 2023-24ರಲ್ಲಿ 3,31,602. ಬಹಳ ವರ್ಷಗಳ ಮೇಲೆ ಚೀನಾವನ್ನು ನಾವು ಹಿಂದಿಕ್ಕಿದ್ದು ಆಗಲೇ. ಅಷ್ಟು ಜನಕ್ಕೂ ಅನ್ವಯಿಸುವ ಒಂದು ಪ್ರಸ್ತಾವವನ್ನು ಅಮೆರಿಕ ಸರ್ಕಾರ 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ನಾನು ಆರಂಭದಲ್ಲಿ ಹೇಳಿದ 'ಡಿ/ಎಸ್' ತೆಗೆದುಹಾಕಿ, ಆ ಜಾಗದಲ್ಲಿ ನಿರ್ದಿಷ್ಟ ತಾರೀಖು ಬರೆಯುವುದು, ಹೆಚ್ಚೆಂದರೆ ನಾಲ್ಕು ವರ್ಷ. ಓದು ಮುಗಿದ ಮೇಲೆ ಹೊರಡಲು ಕೊಡುವ 60 ದಿನವನ್ನು 30ಕ್ಕೆ ಇಳಿಸುವುದು. ಹಾಗೆ ತಾರೀಖು ಬರೆದರೆ, ಅದು ದಾಟಿದ ಮರುದಿನದಿಂದಲೇ ಕಾನೂನುಬಾಹಿರ ವಾಸದ ಎಣಿಕೆ ಬೀಳುತ್ತದೆ. ಡಿಎಸ್‌ಒ ಬಳಿ ಮುಗಿಯುತ್ತಿದ್ದ ವಿಸ್ತರಣೆಗೂ ಇಲಾಖೆಗೇ ಅರ್ಜಿ ಹಾಕಬೇಕಾಗುತ್ತದೆ. ಅದು ಜಾರಿಗೆ ಬಂದರೆ ಈ ಹೊತ್ತು ನಾನು ಹೇಳಿದ್ದರಲ್ಲಿ ಅರ್ಧ ಹಳೆಯದಾಗುತ್ತದೆ. ಆದ್ದರಿಂದ ಮಕ್ಕಳಿಗೆ ತೊಂದರೆಯಾದಾಗ ನನಗೆ ಫೋನ್ ಮಾಡುವ ಮೊದಲು ಅವರ ಡಿಎಸ್‌ಒಗೆ ಮಾಡಲು ಹೇಳಿ, ಅಂದೇ.